ನೋ ಪಬ್ಲಿಕ್ ಫಂಡ್ಸ್ ಅಂದ್ರೆ ಏನೂ ಸಿಗಲ್ಲ ಅಂತಲ್ಲ: ಬ್ರಿಟನ್‌ನಲ್ಲಿ ಕಾಯಿಲೆ ಬಿದ್ದು ಕೆಲಸ ನಿಂತಾಗ

2025ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಶಿವಮೊಗ್ಗ ಕಡೆಯ ಹುಡುಗ, ಲೀಡ್ಸ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಇದ್ದಾನೆ. ಸೈಕಲ್‌ನಿಂದ ಬಿದ್ದು ತೊಡೆಮೂಳೆ ಮುರಿದು ಏಳು ತಿಂಗಳಾಗುತ್ತ ಬಂದಿತ್ತು. "ಅಣ್ಣಾ, ಸಿಕ್ ಪೇ ನಿಂತುಹೋಯ್ತು. ನಮಗೆ ಇಲ್ಲಿ ಏನೂ ಸಿಗಲ್ಲ ಅಲ್ವಾ? ವೀಸಾದಲ್ಲೇ ಬರ್ದಿದ್ದಾರಲ್ಲ, ನೋ ಪಬ್ಲಿಕ್ ಫಂಡ್ಸ್ ಅಂತ" ಅಂದ. ಅಂದರೆ ಸರ್ಕಾರದ ಸಹಾಯಧನ ತಗೊಳ್ಳುವಂತಿಲ್ಲ ಅನ್ನೋ ಷರತ್ತು.

ಇದೇ ಮಾತನ್ನು ಇದೇ ಧಾಟಿಯಲ್ಲಿ ನಾನೂ ಒಂದು ಕಾಲದಲ್ಲಿ ಹೇಳಿಕೊಂಡು ತಿರುಗಿದ್ದೆ. ಅದಕ್ಕೆ ನಾನು ತೆತ್ತ ದಂಡ ಸುಮಾರು 1,500 ಪೌಂಡ್. ಇವನಾದ ಮೇಲೆ ಇನ್ನಿಬ್ಬರು ಅದೇ ಪ್ರಶ್ನೆ ಹಿಡಿದುಕೊಂಡು ಬಂದರು. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗೋದಕ್ಕಿಂತ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ. ಜಿಪಿ (ಬಡಾವಣೆಯ ಡಾಕ್ಟರ್) ಹತ್ರ ಹೆಸರು ನೋಂದಾಯಿಸೋದು, ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದುಡ್ಡು ಕೇಳಲ್ಲ ಅನ್ನೋದು, ಇವೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟಿದ್ದೇನೆ. ನಾನು ವಕೀಲ ಅಲ್ಲ, ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡುವವನು. ಕೈ ಸುಟ್ಟುಕೊಂಡಿದ್ದರಿಂದ ಕಲಿತದ್ದು ಇಷ್ಟು.

ನನ್ನ ಕತೆ

ನನ್ನ ಹೆಂಡತಿ ನರ್ಸ್. ಅವಳ ವೀಸಾಕ್ಕೆ ಡಿಪೆಂಡೆಂಟ್ ಆಗಿ ನಾನು 2020ರ ಕೊನೆಗೆ ಬಂದೆ. ನಾರ್ಥಾಂಪ್ಟನ್ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. 2024ರ ಫೆಬ್ರವರಿ ಮೊದಲ ವಾರ, ಕೆಳಗಿನ ರ‍್ಯಾಕ್‌ನಿಂದ ಒಂದು ಡಬ್ಬಿ ಎತ್ತಲು ಬಗ್ಗಿದವನು ಮೇಲೆ ಏಳಲಿಲ್ಲ. ಡಿಸ್ಕ್ ಜಾರಿತ್ತು. ಎಡಗಾಲು ಹಿಮ್ಮಡಿವರೆಗೆ ಜೋಮು.

ಕಂಪನಿ ಕಾನೂನಿನಲ್ಲಿ ಇರುವಷ್ಟೇ ಕೊಟ್ಟಿತು. ಅಂದರೆ ಸ್ಟ್ಯಾಚ್ಯುಟರಿ ಸಿಕ್ ಪೇ, ಎಲ್ಲರೂ ಎಸ್‌ಎಸ್‌ಪಿ ಅನ್ನೋದು. ಅದು 28 ವಾರ ಮಾತ್ರ. ಆಗಸ್ಟ್ ನಡುವಿನ ಹೊತ್ತಿಗೆ ಮುಗೀತು. ಸ್ವಲ್ಪ ದಿನಕ್ಕೇ ಕೆಲಸವೂ ಹೋಯ್ತು. ಅದರ ಜೊತೆ, ಎಸ್‌ಎಸ್‌ಪಿ ಮುಗೀತು ಅಂತ ಹೇಳೋ ಎಸ್‌ಎಸ್‌ಪಿ1 ಅನ್ನೋ ಒಂದು ಫಾರಂ ಅಂಚೆಯಲ್ಲಿ ಬಂತು. ನಾನು ಅದನ್ನು ಓದಿದೆ, ಮಡಚಿದೆ, ಪಾಸ್‌ಪೋರ್ಟ್ ಇಡುವ ಡ್ರಾಯರ್‌ನಲ್ಲಿ ಇಟ್ಟೆ. "ಇಎಸ್‌ಎ ಕೇಳಬಹುದು" ಅಂತ ಅದರಲ್ಲೇ ಬರೆದಿತ್ತು, ಅಂದರೆ ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಸರ್ಕಾರ ಕೊಡೋ ಭತ್ಯೆ. ಆದರೆ ಅದೇ ಡ್ರಾಯರ್‌ನಲ್ಲಿದ್ದ ವೀಸಾ ಕಾರ್ಡಿನಲ್ಲಿ ನೋ ಪಬ್ಲಿಕ್ ಫಂಡ್ಸ್ ಅಂತಲೂ ಬರೆದಿತ್ತಲ್ಲ! ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಎಂಟು ಜನ ಎಂಟು ನಿಮಿಷದಲ್ಲಿ ಉತ್ತರ ಕೊಟ್ಟರು: ಮುಟ್ಟಬೇಡಿ, ಒಂದು ಪೆನ್ಸ್ ತಗೊಂಡರೂ ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ಇರೋ ಅನುಮತಿ) ಹೋಗುತ್ತೆ. ಒಬ್ಬರಂತೂ "ಹೆಂಡ್ತಿ ದುಡೀತಿರೋವಾಗ ನಿಮಗ್ಯಾಕೆ ಕೊಡ್ತಾರೆ" ಅಂದರು. ಎರಡೂ ಸುಳ್ಳು. ಹೇಳಿದವರು ಕೆಟ್ಟವರಲ್ಲ, ಅವರೂ ಯಾರೋ ಹೇಳಿದ್ದನ್ನೇ ಹೇಳಿದ್ದು.

ಏಳು ತಿಂಗಳು ಸುಮ್ನೆ ಇದ್ದೆ. 2025ರ ಮಾರ್ಚ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ (ಮನೆ ಮೇಲಿನ ಸ್ಥಳೀಯ ತೆರಿಗೆ) ಕಂತಿನ ಬಗ್ಗೆ ಕೇಳಲು ಸಿಟಿಜನ್ಸ್ ಅಡ್ವೈಸ್ ಅನ್ನೋ ಉಚಿತ ಸಲಹಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ವಯಸ್ಸಾದ ಒಬ್ಬ ಹೆಂಗಸು, ಸ್ವಯಂಸೇವಕಿ. ನನ್ನ ಕತೆಯೆಲ್ಲ ಕೇಳಿ, ಹಳೇ ಪೇಸ್ಲಿಪ್ ಇದೆಯಾ ಅಂದರು. ಫೋನಿನಲ್ಲಿ ತೋರಿಸಿದೆ. ಪೆನ್ನಿನ ತುದಿಯನ್ನು ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ಅನ್ನೋ ಸಾಲಿನ ಮೇಲೆ ಇಟ್ಟು, "ಇದು ಕಟ್ಟಿದ್ದೀರಲ್ಲ, ಹಾಗಾದ್ರೆ ಇದನ್ನ ವಾಪಸ್ ಕೇಳಿ" ಅಂದರು. ಅವತ್ತೇ ಇಎಸ್‌ಎಗೆ ಅರ್ಜಿ ಹಾಕಿದೆ. ಹಿಂದಿನ ದಿನಗಳಿಗೂ ಕೇಳಬಹುದು, ಆದರೆ ಮೂರು ತಿಂಗಳಷ್ಟೇ. ಡಿಸೆಂಬರ್ ನಡುವಿನಿಂದ ಸಿಕ್ಕಿತು. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ 17 ವಾರ ಹೋಯ್ತು. ಆಗಿನ ದರ ವಾರಕ್ಕೆ 90.50 ಪೌಂಡ್. ನೀವೇ ಗುಣಿಸಿ ನೋಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು.

ಎಲ್‌ಐಸಿ ಪಾಲಿಸಿ ಬೇರೆ, ಬಿಪಿಎಲ್ ಕಾರ್ಡ್ ಬೇರೆ

ಇದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳ್ತೀನಿ. ಕಂತು ಕಟ್ಟಿ ಎಲ್‌ಐಸಿ ಪಾಲಿಸಿ ಮಾಡಿಸಿದವನು ದುಡ್ಡು ಕೇಳೋದು ಒಂದು. ಬಡವರಿಗೆ ಅಂತ ಸರ್ಕಾರ ಕೊಡೋ ಬಿಪಿಎಲ್ ಕಾರ್ಡ್ ತಗೊಳ್ಳೋದು ಇನ್ನೊಂದು. ವೀಸಾದವರಿಗೆ ಬ್ರಿಟನ್ ಬೇಡ ಅಂದಿರೋದು ಎರಡನೆಯದನ್ನು. ಮೊದಲನೆಯದು ನಿಮ್ಮ ಸಂಬಳದಿಂದಲೇ ತಿಂಗಳು ತಿಂಗಳು ಕಟ್ ಆಗಿರೋ ನ್ಯಾಷನಲ್ ಇನ್ಶೂರೆನ್ಸ್‌ಗೆ ಸಿಗೋದು. 2024ರ ಏಪ್ರಿಲ್‌ನಿಂದ ನೌಕರರ ಪಾಲು ವರ್ಷಕ್ಕೆ 12,570ರಿಂದ 50,270 ಪೌಂಡ್‌ವರೆಗಿನ ಸಂಬಳದ ಮೇಲೆ 8%. ಹೆಸರಲ್ಲೇ ಇನ್ಶೂರೆನ್ಸ್ ಇದೆ, ಆದರೂ ನಮಗೆ ಹೊಳೆಯಲ್ಲ. ವೀಸಾ ಜೊತೆ ಕಟ್ಟೋ ಹೆಲ್ತ್ ಸರ್‌ಚಾರ್ಜ್ ಬೇರೆ ಲೆಕ್ಕ, ಅದು ಆಸ್ಪತ್ರೆಗೆ ಮಾತ್ರ.

ವೀಸಾ ಇದ್ದರೂ ಧೈರ್ಯವಾಗಿ ಕೇಳಬಹುದಾದದ್ದು: ಎಸ್‌ಎಸ್‌ಪಿ, ಮತ್ತು ಅದು ಮುಗಿದ ಮೇಲೆ ನ್ಯೂ ಸ್ಟೈಲ್ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋವೆನ್ಸ್, ಅಂದರೆ ನ್ಯೂ ಸ್ಟೈಲ್ ಇಎಸ್‌ಎ. ವೀಸಾ ನೋಡಿಕೊಳ್ಳೋ ಇಲಾಖೆಯಾದ ಹೋಮ್ ಆಫೀಸ್‌ನ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿ ಇವು ಇಲ್ಲ.

ಮುಟ್ಟಲೇಬಾರದ್ದು: ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಕೊಡೋದು), ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ (ಅಂಗವೈಕಲ್ಯ, ದೀರ್ಘ ಕಾಯಿಲೆಗೆ ಕೊಡೋದು, ಜನ ಪಿಪ್ ಅಂತಾರೆ), ಸ್ಕಾಟ್ಲೆಂಡ್‌ನಲ್ಲಿ ಅದರ ಬದಲಿಗಿರೋ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್, ಕೇರರ್ಸ್ ಅಲೋವೆನ್ಸ್, ಅಟೆಂಡೆನ್ಸ್ ಅಲೋವೆನ್ಸ್, ಹೌಸಿಂಗ್ ಬೆನಿಫಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್. ಇವು ಸಿಗಲ್ಲ ಅನ್ನೋದು ಅಷ್ಟೇ ಅಲ್ಲ, ತಗೊಂಡರೆ ವೀಸಾ ಷರತ್ತು ಮುರಿದ ಹಾಗೆ.

ನ್ಯೂ ಸ್ಟೈಲ್ ಅನ್ನೋ ಎರಡು ಪದ ಮರೀಬೇಡಿ. ಇಎಸ್‌ಎಯಲ್ಲಿ ಇನ್ನೊಂದು ಜಾತಿ ಇತ್ತು, ಬಡತನ ನೋಡಿ ಕೊಡೋದು. ಅದು ಪಬ್ಲಿಕ್ ಫಂಡ್. ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ ಹುಡುಕುವಾಗ ಯೂನಿವರ್ಸಲ್ ಕ್ರೆಡಿಟ್ ಪುಟಕ್ಕೆ ಜಾರೋದು ಬಹಳ ಸುಲಭ. ಫೋನಿನಲ್ಲಿ ಯಾರಾದರೂ "ಜೊತೆಗೆ ಯೂನಿವರ್ಸಲ್ ಕ್ರೆಡಿಟ್ಟೂ ಹಾಕಿಬಿಡಿ" ಅಂದರೆ, ನನಗೆ ವೀಸಾ ನಿರ್ಬಂಧ ಇದೆ, ನ್ಯೂ ಸ್ಟೈಲ್ ಇಎಸ್‌ಎ ಮಾತ್ರ ಸಾಕು ಅಂತ ಎರಡು ಸಲ ಹೇಳಿ.

ಹೆಂಡತಿ ಅಥವಾ ಗಂಡನ ಸಂಬಳ, ಬ್ಯಾಂಕಿನಲ್ಲಿರೋ ಉಳಿತಾಯ, ಊರಲ್ಲಿರೋ ಸೈಟು, ಯಾವುದೂ ನ್ಯೂ ಸ್ಟೈಲ್ ಇಎಸ್‌ಎಗೆ ಅಡ್ಡ ಬರಲ್ಲ. ನಿಮಗೇ ವಾರಕ್ಕೆ 85 ಪೌಂಡ್‌ಗಿಂತ ಜಾಸ್ತಿ ಖಾಸಗಿ ಪೆನ್ಷನ್ ಬರ್ತಿದ್ದರೆ ಮಾತ್ರ ಕಡಿತ ಇದೆ. ಕೆಲಸ ಹೋಗಿದ್ದರೂ ಕೇಳಬಹುದು, ಕೆಲಸ ಇದ್ದು ಸಂಬಳ ಮಾತ್ರ ನಿಂತಿದ್ದರೂ ಕೇಳಬಹುದು.

2025-26ರಲ್ಲಿ ಎಷ್ಟು ಅಂದರೆ, 25 ವರ್ಷ ದಾಟಿದವರಿಗೆ ಮೊದಲ 13 ವಾರ ವಾರಕ್ಕೆ 92.05 ಪೌಂಡ್. ಆಮೇಲೆ ತಪಾಸಣೆ ಆಗಿ ಎರಡು ಗುಂಪು ಮಾಡ್ತಾರೆ. ಮುಂದೆ ಕೆಲಸಕ್ಕೆ ಮರಳಬಹುದು ಅನ್ನೋ ಗುಂಪಿಗೆ ಅದೇ 92.05, ಅದೂ 365 ದಿನ ಮಾತ್ರ. ಕೆಲಸಕ್ಕೆ ತಯಾರಾಗೋಕೂ ಆಗಲ್ಲ ಅನ್ನೋರ ಸಪೋರ್ಟ್ ಗ್ರೂಪ್‌ಗೆ 140.55, ದಿನದ ಮಿತಿ ಇಲ್ಲ. ದುಡ್ಡು ಎರಡು ವಾರಕ್ಕೊಮ್ಮೆ ಬರುತ್ತೆ, ತೆರಿಗೆ ಲೆಕ್ಕಕ್ಕೂ ಸೇರುತ್ತೆ.

ಜನವರಿಯ ಮೊದಲ ಭಾನುವಾರ

ಈಗ ಲೀಡ್ಸ್ ಹುಡುಗನ ಕತೆಗೆ ಬರ್ತೀನಿ. ಇದು ಯಾರಿಗೂ ಗೊತ್ತಿಲ್ಲದ ಸಂಗತಿ, ಸ್ವಲ್ಪ ನಿಧಾನವಾಗಿ ಓದಿ.

ನ್ಯೂ ಸ್ಟೈಲ್ ಇಎಸ್‌ಎಗೆ, ನೀವು ಅರ್ಜಿ ಹಾಕುವ ವರ್ಷಕ್ಕೆ ಮೊದಲು ಮುಗಿದಿರುವ ಎರಡು ಪೂರ್ತಿ ತೆರಿಗೆ ವರ್ಷಗಳಲ್ಲಿ ಎನ್‌ಐ ಇರಬೇಕು. ತೆರಿಗೆ ವರ್ಷ ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಆದರೆ ಅರ್ಜಿಯ ವರ್ಷ ಶುರುವಾಗೋದು ಜನವರಿಯ ಮೊದಲ ಭಾನುವಾರ. ಎರಡು ಬೇರೆ ಬೇರೆ ಪಂಚಾಂಗ.

ಹುಡುಗ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಡಿಸೆಂಬರ್ 2025ರಲ್ಲಿ ಅರ್ಜಿ ಹಾಕಿದರೆ ಅವರು ನೋಡೋದು 2022-23 ಮತ್ತು 2023-24. ಮೊದಲನೇ ವರ್ಷ ಅವನು ದಾವಣಗೆರೆಯಲ್ಲಿ ಕಾಲೇಜು ಮುಗಿಸ್ತಿದ್ದ, ಎನ್‌ಐ ಎಲ್ಲಿಂದ ಬರಬೇಕು? ಅರ್ಜಿ ಬಿದ್ದುಹೋಗೋದು ಗ್ಯಾರಂಟಿ. ಅದೇ ಅರ್ಜಿಯನ್ನು 2026ರ ಜನವರಿ 4ರ ಭಾನುವಾರ ದಾಟಿಸಿ ಹಾಕಿದರೆ? ನೋಡೋದು 2023-24 ಮತ್ತು 2024-25. ಎರಡರಲ್ಲೂ ಅವನ ಎನ್‌ಐ ಇದೆ. 2023-24ರಲ್ಲಿ ಅರ್ಧ ವರ್ಷ ಮಾತ್ರ ದುಡಿದಿದ್ದ, ಪರವಾಗಿಲ್ಲ. ಇಡೀ ವರ್ಷ ಕಟ್ಟಿರಬೇಕು ಅಂತಿಲ್ಲ. ವರ್ಷದ ಕನಿಷ್ಠ ಗಳಿಕೆ ಮಿತಿ ದಾಟಿದ್ದರೆ ಸಾಕು. ಆ ವರ್ಷ ವಾರದ ಮಿತಿ 123 ಪೌಂಡ್ ಇತ್ತು, ಅದರ 50 ಪಟ್ಟು ಅಂದರೆ 6,150 ಪೌಂಡ್. ಸ್ಕಿಲ್ಡ್ ವರ್ಕರ್ ಸಂಬಳದಲ್ಲಿ ಮೂರು ನಾಲ್ಕು ತಿಂಗಳಿಗೇ ಅಷ್ಟು ಆಗಿಬಿಡುತ್ತೆ.

"ಹಂಗಾದ್ರೆ ಮೂರು ವಾರ ಕಾಯ್ಲಾ ಅಣ್ಣಾ?" ಅಂದ. ಕಾಯಿ ಅಂದೆ. ಜನವರಿ 5ರ ಸೋಮವಾರ ಬೆಳಿಗ್ಗೆ ಹಾಕಿದ. ಸಿಕ್ಕಿತು. ಹಿಂದೆ ಒಮ್ಮೆ ನಿರಾಕರಣೆ ಬಂದಿದ್ದರೂ ಹೊಸ ವರ್ಷದಲ್ಲಿ ಮತ್ತೆ ಹಾಕಿ ನೋಡಿ. ಒಂದು ಇಲ್ಲ ಅಂದಿದ್ದಕ್ಕೇ ಜನ್ಮಪೂರ್ತಿ ಇಲ್ಲ ಅಂತ ಕೂತವರನ್ನು ನಾನು ನೋಡಿದ್ದೇನೆ.

ಬೆಂಗಳೂರಿನ ಐಟಿ ಕಂಪನಿಗಳಿಂದ ಆನ್‌ಸೈಟ್ ಬಂದವರಿಗೆ ಇನ್ನೊಂದು ಗುಂಡಿ ಇದೆ. ಹೊರದೇಶದ ಕಂಪನಿ ಸ್ವಲ್ಪ ಕಾಲಕ್ಕೆ ಅಂತ ಇಲ್ಲಿಗೆ ಕಳಿಸಿದ ನೌಕರರಿಗೆ ಮೊದಲ 52 ವಾರ ಎನ್‌ಐ ಇಲ್ಲದಿರೋ ನಿಯಮ ಇದೆ. ಕೈಗೆ ಬರೋ ಸಂಬಳ ಜಾಸ್ತಿ ಕಾಣುತ್ತೆ, ಖುಷಿ ಆಗುತ್ತೆ. ಆದರೆ ಆ 52 ವಾರ ನಿಮ್ಮ ಖಾತೆಯಲ್ಲಿ ಸೊನ್ನೆ. ಪೇಸ್ಲಿಪ್‌ನಲ್ಲಿ ಎನ್‌ಐ ಸಾಲು ಖಾಲಿ ಇದ್ದರೆ ವಿಷಯ ಅದೇ. ತೆರಿಗೆ ಇಲಾಖೆಯ ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ವರ್ಷವಾರು ದಾಖಲೆ ಕಾಣುತ್ತೆ. ಆರೋಗ್ಯ ನೆಟ್ಟಗಿರೋವಾಗಲೇ ಒಮ್ಮೆ ತೆರೆದು ನೋಡಿ. ಆಸ್ಪತ್ರೆ ಹಾಸಿಗೆ ಮೇಲೆ ಪಾಸ್‌ವರ್ಡ್ ನೆನಪಾಗಲ್ಲ.

ಎನ್‌ಐ ಸಾಕಾಗದೆ ದುಡ್ಡು ಸಿಗದಿದ್ದರೂ, ಅಥವಾ 365 ದಿನ ಮುಗಿದರೂ, ಕಾಯಿಲೆ ಮುಂದುವರಿದರೆ ಕ್ರೆಡಿಟ್ ಮಾತ್ರ ಕೊಡಿ ಅಂತ ಕೇಳಬಹುದು. ಕೈಗೆ ಏನೂ ಬರಲ್ಲ. ಆದರೆ ಆ ವಾರಗಳು ಎನ್‌ಐ ದಾಖಲೆಯಲ್ಲಿ ತುಂಬಿಕೊಳ್ತವೆ. ಸ್ಟೇಟ್ ಪೆನ್ಷನ್‌ಗೆ ಕನಿಷ್ಠ 10 ವರ್ಷ ಬೇಕಲ್ಲ, ನಮ್ಮಂಥ ತಡವಾಗಿ ಬಂದವರಿಗೆ ಒಂದೊಂದು ವರ್ಷವೂ ಲೆಕ್ಕಕ್ಕೆ ಬರುತ್ತೆ.

ಎಸ್‌ಎಸ್‌ಪಿ ವಿಚಾರ ಬೇಗ ಮುಗಿಸ್ತೀನಿ

2025-26ರಲ್ಲಿ ವಾರಕ್ಕೆ 118.75 ಪೌಂಡ್. ಕೊಡೋದು ಕಂಪನಿ. ಮೊದಲ ಮೂರು ದಿನ ಖಾಲಿ ಬಿಡುವ ಹಳೇ ಪದ್ಧತಿಯನ್ನು 2026ರ ಏಪ್ರಿಲ್‌ನಿಂದ ತೆಗೆದುಹಾಕಿದ್ದಾರೆ, ಕಾಯಿಲೆಯ ಮೊದಲ ದಿನದಿಂದಲೇ ಲೆಕ್ಕ. ಏಳು ದಿನದವರೆಗೆ ನೀವೇ ಬರೆದುಕೊಟ್ಟರೆ ಸಾಕು, ಅದರಲ್ಲಿ ಶನಿವಾರ ಭಾನುವಾರವೂ ಸೇರಿತು. ಆಮೇಲೆ ಫಿಟ್ ನೋಟ್ (ಕಾಯಿಲೆಯಿಂದ ಕೆಲಸಕ್ಕೆ ಆಗಲ್ಲ ಅನ್ನೋ ವೈದ್ಯಕೀಯ ಚೀಟಿ) ಬೇಕು. 2022ರ ಜುಲೈನಿಂದ ಡಾಕ್ಟರೇ ಆಗಬೇಕಿಲ್ಲ. ನರ್ಸ್, ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಕೂಡ ಕೊಡಬಹುದು. ಜಿಪಿ ಅಪಾಯಿಂಟ್‌ಮೆಂಟ್‌ಗೆ ಕಾಯೋ ಬದಲು ಫಿಸಿಯೋ ಹತ್ರಾನೇ ಕೇಳಿ.

ಎಸ್‌ಎಸ್‌ಪಿಗೆ ಮೊದಲು ಕಂಪನಿಯ ಹ್ಯಾಂಡ್‌ಬುಕ್ ತೆಗೆದು ನೋಡಿ. ಕೆಲವು ಕಡೆ ಆರು ತಿಂಗಳು ಪೂರ್ತಿ ಸಂಬಳ, ಆಮೇಲೆ ಇನ್‌ಕಮ್ ಪ್ರೊಟೆಕ್ಷನ್ ಅಂತ ವಿಮೆ ಇರುತ್ತೆ. ಅದು ಖಾಸಗಿ ದುಡ್ಡು, ವೀಸಾಕ್ಕೆ ಸಂಬಂಧವೇ ಇಲ್ಲ.

ಎಸ್‌ಎಸ್‌ಪಿ ಮುಗಿಯೋ ಮೂರು ತಿಂಗಳ ಮುಂಚೆಯಿಂದಲೇ ಇಎಸ್‌ಎ ಅರ್ಜಿ ಹಾಕಬಹುದು. ಎಸ್‌ಎಸ್‌ಪಿ1 ಫಾರಂ ಕಂಪನಿ ತಾನಾಗಿ ಕೊಡದಿದ್ದರೆ ಮೇಲ್ ಹಾಕಿ ಕೇಳಿ, ಬಾಯಿಮಾತಲ್ಲಿ ಕೇಳಬೇಡಿ. ನನ್ನ ಹಾಗೆ ಡ್ರಾಯರ್‌ನಲ್ಲಿ ಇಡಲೂಬೇಡಿ.

ಸ್ಪಾನ್ಸರ್‌ಶಿಪ್ ಮೇಲಿರೋರಿಗೆ, ಅಂದರೆ ಕಂಪನಿಯೇ ವೀಸಾಕ್ಕೆ ಹೊಣೆ ಹೊತ್ತಿರೋರಿಗೆ, ಒಂದು ಎಚ್ಚರಿಕೆ. ಸಂಬಳ ಇಲ್ಲದೆ ನಾಲ್ಕು ವಾರಕ್ಕಿಂತ ಹೆಚ್ಚು ರಜೆ ಇದ್ದರೆ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕು ಅನ್ನೋ ನಿಯಮ ಇದೆ. ಕಾಯಿಲೆ ರಜೆಗೆ ಅದರಿಂದ ವಿನಾಯಿತಿ. ಹಾಗಾಗಿ ಎಚ್‌ಆರ್‌ನವರು ನಿಮ್ಮ ರಜೆಯನ್ನು ಸಿಕ್ ಲೀವ್ ಅಂತಲೇ ಬರೆದುಕೊಂಡಿದ್ದಾರಾ ನೋಡಿ. "ಸದ್ಯಕ್ಕೆ ಅನ್‌ಪೇಡ್ ಲೀವ್ ಅಂತ ಹಾಕಿಕೊಳ್ತೀವಿ" ಅಂದರೆ ಒಪ್ಪಬೇಡಿ. ಒಂದು ದಿನವೂ ಬಿಡುವಿಲ್ಲದ ಹಾಗೆ ಫಿಟ್ ನೋಟ್ ಇರಲಿ. ಕೆಲಸವೇ ಹೋದರೆ ಸಾಮಾನ್ಯವಾಗಿ 60 ದಿನದಲ್ಲಿ ಇನ್ನೊಂದು ಸ್ಪಾನ್ಸರ್ ಹುಡುಕಬೇಕು, ಕಾಲು ಪ್ಲಾಸ್ಟರ್‌ನಲ್ಲಿದ್ದರೂ.

ಪರವಾಗಿಲ್ಲ ಅನ್ನೋ ರೋಗ

ಇಎಸ್‌ಎ ಅರ್ಜಿ ಹಾಕಿದ ಸ್ವಲ್ಪ ದಿನಕ್ಕೆ ವರ್ಕ್ ಕೋಚ್ ಅನ್ನೋ ಸರ್ಕಾರಿ ಸಿಬ್ಬಂದಿ ಫೋನ್ ಮಾಡ್ತಾರೆ. ಆಮೇಲೆ ಒಂದು ದಪ್ಪ ಫಾರಂ ಬರುತ್ತೆ. ನಿಮ್ಮ ಕಾಯಿಲೆ ಹೆಸರಿನಲ್ಲಿ ಅವರಿಗೆ ಆಸಕ್ತಿ ಇಲ್ಲ. ಅದರಿಂದ ಏನು ಮಾಡೋಕಾಗಲ್ಲ ಅನ್ನೋದೊಂದೇ ಪ್ರಶ್ನೆ. 50 ಮೀಟರ್ ನಡೀತೀರಾ, 200 ಮೀಟರ್ ನಡೀತೀರಾ? ಅರ್ಧ ಲೀಟರ್ ಹಾಲಿನ ಪೊಟ್ಟಣ ಎತ್ತಿ ಇಡ್ತೀರಾ, ಒಂದು ಲೀಟರ್‌ದು? ಎಷ್ಟು ಹೊತ್ತು ಕೂರಬಹುದು? ಒಂದೊಂದಕ್ಕೂ ಅಂಕ. ಒಟ್ಟು 15 ಬಂದರೆ ಕೆಲಸಕ್ಕೆ ಆಗಲ್ಲ ಅಂತ ಒಪ್ಪುತ್ತಾರೆ.

ನಾನು ಮೊದಲ ಸಲ ಬರೆದ ಉತ್ತರಗಳನ್ನು ಹೆಂಡತಿ ಓದಿ ಫಾರಂ ಕಿತ್ತುಕೊಂಡಳು. 200 ಮೀಟರ್ ನಡೀತೀರಾ ಅಂದಿದ್ದಕ್ಕೆ "ಹೌದು, ಸ್ವಲ್ಪ ಕಷ್ಟ" ಅಂತ ಬರೆದಿದ್ದೆ. "ಮೊನ್ನೆ ಟೆಸ್ಕೋಗೆ ಹೋಗಿ ಬರೋವಾಗ ಬಸ್ ಸ್ಟಾಪಿನ ಬೆಂಚಲ್ಲಿ ಎಷ್ಟು ಸಲ ಕೂತ್ರಿ? ಮಾರನೇ ದಿನ ಹಾಸಿಗೆಯಿಂದ ಎದ್ರಾ?" ಅಂದಳು. ಎರಡು ಸಲ ಕೂತಿದ್ದೆ. ಮಾರನೇ ದಿನ ಎದ್ದಿರಲಿಲ್ಲ. ಅವಳು ಅದನ್ನೇ ಬರೆಸಿದಳು.

ಅಲ್ಲಿ ಕೇಳೋದು ಒಂದು ಸಲ ಹಲ್ಲು ಕಚ್ಚಿ ಮಾಡಬಹುದಾ ಅಂತಲ್ಲ. ಮತ್ತೆ ಮತ್ತೆ, ಅಪಾಯ ಇಲ್ಲದೆ, ಸರಿಯಾದ ಹೊತ್ತಿನಲ್ಲಿ ಮಾಡಬಹುದಾ ಅಂತ. ನಮ್ಮ ಜನಕ್ಕೆ ಇದು ಬಹಳ ಕಷ್ಟ. ನೆಂಟರು ಕೇಳಿದರೆ ಪರವಾಗಿಲ್ಲ, ಡಾಕ್ಟರ್ ಕೇಳಿದರೆ ಪರವಾಗಿಲ್ಲ, ಕಾಲು ಮುರಿದಿದ್ದರೂ ಪರವಾಗಿಲ್ಲ. ಕಷ್ಟ ಹೇಳಿಕೊಂಡರೆ ಮಾನ ಹೋದ ಹಾಗೆ ಅಂದುಕೊಂಡು ಬೆಳೆದವರು ನಾವು. ಫಾರಂ ಮುಂದೆ ಆ ಸಂಕೋಚ ಬೇಡ. ಸುಳ್ಳು ಸೇರಿಸಬೇಡಿ, ಇದ್ದದ್ದನ್ನು ಮುಚ್ಚಿಡಲೂಬೇಡಿ. ಕೋವೆಂಟ್ರಿಯ ಒಬ್ಬ ಹಿರಿಯರು ತಪಾಸಣೆಯ ಫೋನಿನಲ್ಲಿ ಹೇಗಿದ್ದೀರಿ ಅಂದಿದ್ದಕ್ಕೆ "ಫೈನ್, ಥ್ಯಾಂಕ್ಯೂ" ಅಂದರು. ಮಾತಿಗೆ ಹಾಗಂದಿದ್ದು. ಅದೇ ಧಾಟಿಯಲ್ಲಿ ಮುಂದಿನ ಪ್ರಶ್ನೆಗಳಿಗೂ ಮ್ಯಾನೇಜ್ ಮಾಡ್ತೀನಿ, ಮ್ಯಾನೇಜ್ ಮಾಡ್ತೀನಿ ಅಂದರು. ಕೆಲಸಕ್ಕೆ ಫಿಟ್ ಅಂತ ಕಾಗದ ಬಂತು.

ಹಾಗೆ ಬಂದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ಅದರಲ್ಲೂ ಆಗದಿದ್ದರೆ ಟ್ರಿಬ್ಯುನಲ್. ಹಿರಿಯರು ಎರಡು ತಿಂಗಳು ಕೊರಗಿ ಆಮೇಲೆ ನನಗೆ ಹೇಳಿದರು. ತಪಾಸಣೆ ಮುಗಿಯೋವರೆಗೂ ಫಿಟ್ ನೋಟ್ ಕಳಿಸ್ತಲೇ ಇರಬೇಕು ಅನ್ನೋದನ್ನೂ ನೆನಪಿಡಿ. ನಡುವೆ ತಪ್ಪಿದರೆ ದುಡ್ಡು ನಿಲ್ಲುತ್ತೆ.

ಒಳ್ಳೆಯವರ ಸಲಹೆಯಿಂದಲೇ ಅಪಾಯ

ಇನ್ನೊಂದು ಕಡೆಯ ಹಳ್ಳ ಇದು. ಮಿಲ್ಟನ್ ಕೀನ್ಸ್‌ನ ಒಬ್ಬಾಕೆ, ವೀಸಾ ಮೇಲಿರೋರು, ಕೀಲುವಾತ. ಆಸ್ಪತ್ರೆಯಲ್ಲಿ ಯಾರೋ ಮರುಕದಿಂದ "ನೀವು ಪಿಪ್ ಹಾಕಿಲ್ವಾ? ನಿಮಗೆ ಖಂಡಿತ ಬರುತ್ತೆ" ಅಂದರು. ಪಿಪ್‌ಗೆ ಎನ್‌ಐ ಬೇಕಿಲ್ಲ, ಆದಾಯ ನೋಡಲ್ಲ, ಕೆಲಸ ಮಾಡ್ತಿದ್ದರೂ ಕೊಡ್ತಾರೆ. 2025-26ರಲ್ಲಿ ಎರಡೂ ಭಾಗದಲ್ಲಿ ದೊಡ್ಡ ದರ ಸಿಕ್ಕರೆ ವಾರಕ್ಕೆ 187.45 ಪೌಂಡ್. ಆಸೆ ಆಗದೆ ಇರುತ್ತಾ? ಫಾರಂ ತುಂಬಿ ಲಕೋಟೆ ಅಂಟಿಸಿ ಇಟ್ಟಿದ್ದರು. ಪುಣ್ಯಕ್ಕೆ ಅಂಚೆ ಡಬ್ಬಿಗೆ ಹಾಕೋ ಮೊದಲು ನಮ್ಮ ಮನೆಗೆ ಊಟಕ್ಕೆ ಬಂದರು.

ಇಲ್ಲಿ ಹುಟ್ಟಿ ಬೆಳೆದವರಿಗೆ ವೀಸಾ ಷರತ್ತಿನ ಗಂಧವೇ ಇರಲ್ಲ. ಡಾಕ್ಟರು, ನರ್ಸು, ಪಕ್ಕದ ಮನೆ ಅಜ್ಜಿ, ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಅರ್ಜಿ ಮಂಜೂರಾಗಿ ದುಡ್ಡು ಬಂತು ಅಂದ ಮಾತ್ರಕ್ಕೆ ವೀಸಾ ಪ್ರಕಾರ ಸರಿ ಅಂತಲೂ ಅರ್ಥ ಅಲ್ಲ. ಐಎಲ್‌ಆರ್ ಸಿಕ್ಕ ಮೇಲೆ ಪಿಪ್ ಹಾಕಬಹುದು, ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷ ಇಲ್ಲೇ ಇದ್ದಿರಬೇಕು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಐಎಲ್‌ಆರ್, ಇನ್ನೊಬ್ಬರಿಗೆ ವೀಸಾ ಅಂತಿದ್ದರೆ ಲೆಕ್ಕ ಸೂಕ್ಷ್ಮ. ಅಂಥವರು, ಮತ್ತು ಗೊತ್ತಿಲ್ಲದೆ ಈಗಾಗಲೇ ಚೈಲ್ಡ್ ಬೆನಿಫಿಟ್ಟೋ ಇನ್ನೊಂದೋ ತಗೊಂಡಿರೋರು, ನನ್ನನ್ನು ಕೇಳಬೇಡಿ, ವಾಟ್ಸಾಪಿನಲ್ಲೂ ಕೇಳಬೇಡಿ. ನೋಂದಾಯಿತ ಇಮಿಗ್ರೇಷನ್ ಸಲಹೆಗಾರರ ಹತ್ರ ಕಾಗದ ಸಮೇತ ಹೋಗಿ. ಸದ್ದಿಲ್ಲದೆ ನಿಲ್ಲಿಸಿಬಿಟ್ಟರೆ ಮುಗೀತು ಅಂದುಕೊಳ್ಳಬೇಡಿ.

ಯಾವುದು ವಾಸಿ?

ಇಷ್ಟೆಲ್ಲ ಆದ ಮೇಲೆ ನನಗನ್ನಿಸೋದು ಹೇಳಿಬಿಡ್ತೀನಿ. ಕಾಯಿಲೆಗೆ ದುಡ್ಡು ಕೊಡೋ ವಿಷಯದಲ್ಲಿ ಬ್ರಿಟನ್ ಜಿಪುಣ. ನಮ್ಮ ಇಎಸ್‌ಐ ಬಗ್ಗೆ ಎಷ್ಟು ಬೈದುಕೊಳ್ತೀವಿ, ಆದರೆ ಅದು ಕಾಯಿಲೆ ಬಿದ್ದವನಿಗೆ ಸಂಬಳದ 70% ಕೊಡುತ್ತೆ, ವರ್ಷಕ್ಕೆ 91 ದಿನದವರೆಗೆ. ಕ್ಷಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ 80%, ಎರಡು ವರ್ಷದವರೆಗೆ. ಇಲ್ಲಿ ತಿಂಗಳಿಗೆ ಮೂರು ಸಾವಿರ ಪೌಂಡ್ ದುಡಿಯೋನಿಗೂ 2025-26ರಲ್ಲಿ ಸಿಗ್ತಿದ್ದದ್ದು ವಾರಕ್ಕೆ ಅದೇ 118.75. ಬಹಳ ಕಡೆ ಮನೆ ಬಾಡಿಗೆಗೂ ಸಾಲಲ್ಲ.

ಆದರೆ ಇಎಸ್‌ಐ ತಿಂಗಳಿಗೆ 21,000 ರೂಪಾಯಿ ಸಂಬಳದವರೆಗೆ ಮಾತ್ರ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ದುಡಿದು ಸೇರಿದವನು ಹೊರಗೆ. ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಖಾಸಗಿ ಕಂಪನಿಯಲ್ಲಿ 35,000ಕ್ಕೆ ದುಡೀತಾನೆ. ಅವನಿಗೆ ಬೆನ್ನು ಹೋಗಿದ್ದರೆ ರಜೆ ಮುಗಿದ ಮಾರನೇ ದಿನದಿಂದ ಸೊನ್ನೆ. ಇಲ್ಲಿ ಸ್ವಲ್ಪ ಕೊಟ್ಟರೂ ಎಲ್ಲರಿಗೂ ಕೊಡ್ತಾರೆ, ಕಟ್ಟಿದ್ದಕ್ಕೆ ದಾಖಲೆ ಇಟ್ಟಿರ್ತಾರೆ, ಲಂಚ ಕೇಳಲ್ಲ. ಇಎಸ್‌ಎ ದುಡ್ಡು ನನ್ನ ಖಾತೆಗೆ ಬಂದಾಗ ಮೊದಲ ಸಲ ನನಗೆ ನಾನು ಹೆಂಡತಿ ದುಡಿಮೆಯಲ್ಲಿ ಕೂತು ತಿನ್ನೋನು ಅನ್ನೋ ಭಾವನೆ ಸ್ವಲ್ಪ ಕಮ್ಮಿ ಆಯ್ತು. ಮೊತ್ತ ಸಣ್ಣದು, ನಿಜ.

ಚಿಕಿತ್ಸೆಗೆ ಊರಿಗೆ ಹೋಗೋರಿಗೆ

ಎನ್‌ಎಚ್‌ಎಸ್‌ನಲ್ಲಿ ಆಪರೇಷನ್ ಸರದಿ ಉದ್ದ, ನಮ್ಮ ಜನ ಬೆಂಗಳೂರಿಗೆ ಟಿಕೆಟ್ ಹಾಕ್ತಾರೆ. ನಾನೂ ಹಾಕಿದೆ, 2025ರ ಮೇ ತಿಂಗಳಲ್ಲಿ. ನ್ಯೂ ಸ್ಟೈಲ್ ಇಎಸ್‌ಎ ತಗೊಳ್ತಾ ಸುಮ್ನೆ ಹೊರದೇಶಕ್ಕೆ ಹೋದರೆ ನಾಲ್ಕು ವಾರದವರೆಗೆ ಮಾತ್ರ ದುಡ್ಡು ನಡೆಯುತ್ತೆ. ಚಿಕಿತ್ಸೆಗೆ ಅಂತ ಹೋದರೆ 26 ವಾರದವರೆಗೆ. ಹೊರಡೋ ಮೊದಲೇ ಅವರಿಗೆ ತಿಳಿಸಬೇಕು. ಊರಿಗೆ ಹೋಗಿ ಆಪರೇಷನ್ ಆದ ಮೇಲೆ ಹೇಳಿದರಾಯ್ತು ಅನ್ನೋದು ನಡೆಯಲ್ಲ. ನಾನು ಹೊರಡೋಕೆ ಹತ್ತು ದಿನ ಮುಂಚೆ ಫೋನ್ ಮಾಡಿ, ಆಸ್ಪತ್ರೆಯ ದಿನಾಂಕ ಇದ್ದ ಕಾಗದ, ಹೋಗಿಬರೋ ಟಿಕೆಟ್ ಎರಡನ್ನೂ ಕಳಿಸಿದೆ. ಯಾರ ಹತ್ರ ಮಾತಾಡಿದೆ, ಎಷ್ಟು ಗಂಟೆಗೆ ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಜಿಪಿ ಹತ್ರ ಪೂರ್ತಿ ಅವಧಿಗೆ ಫಿಟ್ ನೋಟ್ ಮಾಡಿಸಿಕೊಂಡೆ. ಕಾಯಿಲೆಯ ಮೊದಲ ಆರು ತಿಂಗಳಲ್ಲಾದರೆ ಒಂದು ನೋಟ್ ಮೂರು ತಿಂಗಳಿಗಿಂತ ಜಾಸ್ತಿ ಕೊಡಲ್ಲ.

ಐಎಲ್‌ಆರ್‌ಗೆ ದಿನ ಎಣಿಸ್ತಿರೋರು ಇನ್ನೊಂದು ಲೆಕ್ಕ ಹಾಕಿ. ಇಎಸ್‌ಎಗೆ ಕೊಟ್ಟಿರೋ 26 ವಾರ ಅಂದರೆ 182 ದಿನ. ಐಎಲ್‌ಆರ್‌ಗೆ ಯಾವುದೇ 12 ತಿಂಗಳಲ್ಲಿ ಹೊರಗಿರಬಹುದಾದದ್ದು 180 ದಿನ. ಅದೇ ವರ್ಷ ತಂಗಿ ಮದುವೆಗೆ, ಗೃಹಪ್ರವೇಶಕ್ಕೆ ಅಂತ ಹೋಗಿ ಬಂದಿದ್ದರೆ ಆ ದಿನಗಳೂ ಇದರಲ್ಲೇ ಸೇರ್ತವೆ. ಲೀಡ್ಸ್ ಹುಡುಗ ಈಗ ಎರಡನೇ ಆಪರೇಷನ್‌ಗೆ ಮಣಿಪಾಲಕ್ಕೆ ಹೊರಟಿದ್ದಾನೆ. ಮೊನ್ನೆ ನಮ್ಮ ಅಡುಗೆಮನೆ ಮೇಜಿನ ಮೇಲೆ ಅವನ ಪಾಸ್‌ಪೋರ್ಟ್ ಬಿಚ್ಚಿ, ಸೀಲುಗಳನ್ನು ಒಂದೊಂದಾಗಿ ನೋಡಿ, ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದೆವು. ವಾಪಸ್ ಟಿಕೆಟ್ ಮೂರು ವಾರ ಮೊದಲಿನ ದಿನಕ್ಕೆ ಬಂತು.